ಬಾಗಿಲಲ್ಲಿ ಕೂತವರು

ಮೀಟರಕ್ಕ ನನ್ನ ಪ್ರೆಸ್ಸಿಗೆ ಬಂದದ್ದು ನೀರಿನ ಮೀಟರು ನೋಡುವುದಕ್ಕೆ. ವಾಪಸು ಹೋಗುವಷ್ಟರಲ್ಲಿ ನಾನು ಒಂದು ಸಮಿತಿಯ ಸದಸ್ಯನಾಗಿಬಿಟ್ಟಿದ್ದೆ. ಗೇಟಿನ ಪಕ್ಕದ ಗುಂಡಿಯ ಕಬ್ಬಿಣದ ಮುಚ್ಚಳವನ್ನು ಅವಳು ಕೊಕ್ಕೆಯಿಂದ ಎತ್ತಿದಳು. ಮಂಡಿಯೂರಿ, ಮೀಟರಿನ ಗಾಜಿನ ಮೇಲಿದ್ದ ಕೆಸರನ್ನು ಬೆರಳಿನಿಂದಲೇ ಒರೆಸಿ, ಅಂಕಿ ಬರೆದುಕೊಂಡಳು. ಮಂಡಿನೋವಿನವಳು, ಏಳುವುದಕ್ಕೆ ಕೈ ಚಾಚಿದಳು. ನಾನು ಹಿಡಿದೆತ್ತಿದೆ. ಎದ್ದ ಮೇಲೂ ಅವಳು ಕೈ ಬಿಡಲಿಲ್ಲ.

"ನೀವು ಸ್ಟಿಕ್ಕರ್ ಅಚ್ಚು ಹಾಕ್ತೀರಲ್ವಾ?"

"ಹಾಕ್ತೀನಿ."

"ಹಾಗಾದ್ರೆ ನಮ್ಮ ಮೀಟಿಂಗಿಗೆ ಬನ್ನಿ. ವಿಷಯ ತಿಳ್ಕೊಂಡು ಹಾಕಿದ್ರೆ ಚೆನ್ನಾಗಿ ಬರತ್ತೆ."

ಇಷ್ಟು ವರ್ಷ ಮದುವೆ ಕಾಗದ ಅಚ್ಚು ಹಾಕಿದ್ದೇನೆ, ವಿಷಯ ತಿಳಿದುಕೊಳ್ಳುವುದಕ್ಕೆಂದು ಯಾರ ಮದುವೆಗೂ ಹೋಗಿಲ್ಲ ಎಂಬ ಮಾತು ನಾಲಿಗೆ ತುದಿಗೆ ಬಂದಿತ್ತು. ಆದರೆ ನನ್ನದು ಹಾಳು ದಾಕ್ಷಿಣ್ಯದ ಸ್ವಭಾವ. ಹೂಂ ಅಂದೆ.

ಸಮಿತಿಯ ಕೆಲಸ ಕೇಳುವುದಕ್ಕೆ ಸರಳವಾಗಿತ್ತು. ಗಂಡಸನ್ನೇ ಮೆಚ್ಚಿ ಬಾಳುವ ಗಂಡಸರು, ಹೆಂಗಸನ್ನೇ ಮೆಚ್ಚಿ ಬಾಳುವ ಹೆಂಗಸರು, ಗಂಡಾಗಿ ಹುಟ್ಟಿ ಹೆಣ್ಣಾಗಿ ಬಾಳುವವರು, ಹೆಣ್ಣಾಗಿ ಹುಟ್ಟಿ ಗಂಡಾಗಿ ಬಾಳುವವರು, ಇವರೆಲ್ಲರಿಗೂ ಊರಿನ ಯಾವ ಬಾಗಿಲಿಗೆ ಹೋದರೂ ಉಳಿದವರಿಗೆ ಸಿಗುವಷ್ಟೇ ಮರ್ಯಾದೆ ಸಿಗಬೇಕು. ಅದಕ್ಕಾಗಿ ಕ್ಲಿನಿಕ್ಕು, ಔಷಧಿ ಅಂಗಡಿ, ಬಸ್ ಡಿಪೋ, ಗ್ರಂಥಾಲಯ, ಸಲೂನು ಒಂದೊಂದಕ್ಕೂ ಹೋಗಿ, ಮಾತಾಡಿ, ಅವರನ್ನು ಜೊತೆಗೆ ಸೇರಿಸಿಕೊಳ್ಳಬೇಕು. ಸೇರಿದವರ ಬಾಗಿಲಿಗೆ ಒಂದು ಸ್ಟಿಕ್ಕರು ಅಂಟಿಸಬೇಕು. ಸರಕಾರಿ ಕಾಗದಗಳಲ್ಲಿ ಬರುವ 'ಲಿಂಗತ್ವ ಅಲ್ಪಸಂಖ್ಯಾತರು' ಎಂಬ ಮಾತು ಸ್ಟಿಕ್ಕರಿನಲ್ಲಿ ಹಿಡಿಯಲಿಲ್ಲ. ಹಿಡಿಸಿದರೆ ಓದುವುದಕ್ಕೆ ಭೂತಗನ್ನಡಿ ಬೇಕಾಗುತ್ತಿತ್ತು. ಕೊನೆಗೆ 'ಇಲ್ಲಿ ಎಲ್ಲರಿಗೂ ಒಂದೇ ಮರ್ಯಾದೆ' ಎಂದು ಹಾಕಿ, ಕೆಳಗೆ ಕಾಮನಬಿಲ್ಲಿನ ಪಟ್ಟಿ ಬರೆಸಿದೆವು. ನನ್ನ ಮುದಿ ಯಂತ್ರದಲ್ಲಿ ಹಸಿರೂ ನೀಲಿಯೂ ಒಂದರ ಮೇಲೊಂದು ಬಿದ್ದವು. ಮೀಟರಕ್ಕ ಅದನ್ನು ಬೆಳಕಿಗೆ ಹಿಡಿದು ನೋಡಿ, "ಪರವಾಗಿಲ್ಲ, ಒಗ್ಗಟ್ಟಾಗಿವೆ" ಅಂದಳು.

ಮೀಟಿಂಗು ನಡೆಯುತ್ತಿದ್ದದ್ದು ಮುಚ್ಚಿಹೋದ ಟೈಲರ್ ಅಂಗಡಿಯ ಮೇಲಿನ ಕೋಣೆಯಲ್ಲಿ. ಪ್ಲಾಸ್ಟಿಕ್ ಕುರ್ಚಿಗಳು ಬೇಕಾದಷ್ಟು, ಕೂರುವವರು ಕಡಿಮೆ. ತಪ್ಪದೆ ಬರುತ್ತಿದ್ದವರೆಂದರೆ ಸೈಕಲ್ ರಿಪೇರಿ ಅಂಗಡಿಯ ಇಬ್ಬರು ಗಂಡಸರು. ಬಹಳ ಕಾಲದಿಂದ ಒಂದೇ ಮನೆಯಲ್ಲಿ ಜೊತೆಯಾಗಿ ಬಾಳುತ್ತಿದ್ದರೂ, ಬೆಂಚಿನ ಆ ತುದಿಗೊಬ್ಬ ಈ ತುದಿಗೊಬ್ಬ ಕೂರುತ್ತಿದ್ದರು. "ಇಲ್ಲಾದ್ರೂ ಪಕ್ಕಪಕ್ಕ ಕೂತ್ಕೊಳ್ರಪ್ಪಾ" ಎಂದು ಮೀಟರಕ್ಕ ಗದರಿದರೆ ಇಬ್ಬರೂ ನಗುತ್ತಿದ್ದರು. ಮುಂದಿನ ಸಲ ನೋಡಿದರೆ ಮತ್ತೆ ಅದೇ ತುದಿಗಳು. ಅಭ್ಯಾಸ ಅಷ್ಟು ಸುಲಭಕ್ಕೆ ಬಿಡುವುದಿಲ್ಲ.

ಮೀಟರಕ್ಕನಿಗೆ ಈ ಉಸಾಬರಿ ಬಂದದ್ದು ಅವಳ ಅಣ್ಣನ ಮನೆಯಿಂದ. ಅಣ್ಣನಿಗೆ ಒಬ್ಬನೇ ಮಗ. ದೊಡ್ಡವನಾಗುತ್ತಾ ಬಂದಂತೆ ಆ ಮಗ ತಾನು ಮಗನಲ್ಲ, ಮಗಳು ಎಂದು ಮೊದಲು ತನಗೆ, ಆಮೇಲೆ ಮನೆಯವರಿಗೆ ಹೇಳಿದಳು. ಅಣ್ಣ ಹೊಡೆಯಲಿಲ್ಲ, ಬಡಿಯಲಿಲ್ಲ. ಮನೆಯ ಮೇಲಿನ ಕೋಣೆಯಲ್ಲಿರು, ಯಾರ ಕಣ್ಣಿಗೂ ಬೀಳಬೇಡ ಅಂದ. ಅವಳು ಚೀಲ ಹಿಡಿದುಕೊಂಡು ಸೋದರತ್ತೆಯ ಬಾಗಿಲಿಗೆ ಬಂದಳು. ಮದುವೆ ಮಾಡಿಕೊಳ್ಳದ, ಒಂದೂವರೆ ಕೋಣೆಯ ಬಾಡಿಗೆ ಮನೆಯಲ್ಲಿರುವ ಮೀಟರಕ್ಕ ಅವಳನ್ನು ಒಳಗೆ ಕರೆದುಕೊಂಡು ಪುಟ್ಟಿ ಎಂದು ಕರೆದಳು. ಅಂದಿನಿಂದ ಅವಳು ಪುಟ್ಟಿ.

ಆದರೆ ಪುಟ್ಟಿ ಇಲ್ಲಿಯೂ ಹೊರಗೆ ಹೋಗುತ್ತಿರಲಿಲ್ಲ. ಬಂದ ಹೊಸದರಲ್ಲಿ ಮೂಲೆಯ ಅಂಗಡಿಗೆ ಹೋಗಿದ್ದಾಗ ಯಾರೋ ಹಿಂದಿನಿಂದ ಶಿಳ್ಳೆ ಹಾಕಿದ್ದರಂತೆ. ಆಮೇಲೆ ಬಾಗಿಲಿನ ಚಿಲಕ ಹಾಕಿದವಳು ತೆಗೆಯಲೇ ಇಲ್ಲ. ನಾನು ಪ್ರೆಸ್ಸಿನಿಂದ ಮಡಿಸಿದ ಹಾಳೆಗಳನ್ನು ಕಳಿಸುತ್ತಿದ್ದೆ, ಅವಳು ಹೊಲಿದು ಪುಸ್ತಕ ಮಾಡಿ ಕಳಿಸುತ್ತಿದ್ದಳು. ಬಹಳ ದಿನ ನನಗೆ ಅವಳ ಪರಿಚಯವಿದ್ದದ್ದು ಹೊಲಿಗೆಯಿಂದ ಮಾತ್ರ. ಬಿಗಿ ಹೊಲಿಗೆ, ಅಷ್ಟು ಬಿಗಿ ಬೇಡ, ಪುಸ್ತಕ ಬಿಚ್ಚುವುದಿಲ್ಲ ಎಂದು ನಾನು ಗೊಣಗಿದ್ದೂ ಇದೆ.

ಆಗಾಗ ಅಣ್ಣನಿಂದ ಬಸ್ಸಿನಲ್ಲಿ ಒಂದು ಪಾರ್ಸೆಲ್ ಬರುತ್ತಿತ್ತು. ಒಳಗೆ ಇಸ್ತ್ರಿ ಮಾಡಿದ ಗಂಡಸರ ಶರ್ಟುಗಳು. ಜೊತೆಗೆ ಫೋನು: "ಅವನಿಗೆ ಅಲ್ಲಿ ಆಗ್ಲಿಲ್ಲ ಅಂದ್ರೆ ಹೇಳು, ಬಂದು ಕರ್ಕೊಂಡ್ ಹೋಗ್ತೀನಿ. ರೂಮು ಹಾಗೇ ಇದೆ." ಮೀಟರಕ್ಕ ಶರ್ಟುಗಳನ್ನು ಮಂಚದ ಕೆಳಗಿನ ಟ್ರಂಕಿಗೆ ಹಾಕುತ್ತಿದ್ದಳು. ಎಸೆಯುವುದಕ್ಕೆ ಮನಸ್ಸು ಬರಲಿಲ್ಲ, ಎಷ್ಟಾದರೂ ಅಣ್ಣ ಪ್ರೀತಿಯಿಂದಲೇ ಇಸ್ತ್ರಿ ಮಾಡಿದ್ದು. ಅದೇ ಅವಳ ಹೊಟ್ಟೆ ಉರಿಸುತ್ತಿತ್ತು. ಕೆಟ್ಟವನಾಗಿದ್ದರೆ ಜಗಳವಾಡಿ ಮುಗಿಸಬಹುದಿತ್ತು.

ಸಮಿತಿ, ಊರು, ಸಮಾನತೆ ಎಂದು ಅವಳು ಎಷ್ಟೇ ಭಾಷಣ ಮಾಡಲಿ, ನಮಗೆಲ್ಲ ಗೊತ್ತಿತ್ತು: ಅವಳು ಸ್ಟಿಕ್ಕರು ಅಂಟಿಸುತ್ತಿದ್ದದ್ದು ತನ್ನ ಮನೆಯಿಂದ ಹೊರಟ ಒಂದು ಹುಡುಗಿ ಔಷಧಿ ಅಂಗಡಿ, ಗ್ರಂಥಾಲಯ, ಬಸ್ ನಿಲ್ದಾಣ ಮುಟ್ಟಿ ಮನೆಗೆ ವಾಪಸಾಗುವ ದಾರಿಗೆ. ಆ ದಾರಿ ಆಗದಿದ್ದರೆ ಪುಟ್ಟಿ ಅಣ್ಣನ ಮನೆಯ ಮೇಲಿನ ಕೋಣೆಗೆ ಹೋಗುತ್ತಾಳೆ, ಆ ಶರ್ಟುಗಳೊಳಗೆ ಮುದುಕಿಯಾಗುತ್ತಾಳೆ. ಇಷ್ಟೇ ವಿಷಯ.

ಕೆಲಸ ಮುಗಿಸಿ, ಯೂನಿಫಾರಂ ಬದಲಿಸಿ, ಮೀಟರಕ್ಕ ಬಾಗಿಲು ಬಾಗಿಲು ಸುತ್ತುತ್ತಿದ್ದಳು. ನಾನು ಸ್ಕೂಟರಿನ ಚಾಲಕ. ಇವತ್ತು ಸಾಹೇಬರಿಲ್ಲ, ನಾಳೆ ಬನ್ನಿ. ನಾಳೆ ಹೋದರೆ ಆಡಿಟ್ಟು, ಆಚೆ ವಾರ ಬನ್ನಿ. ಬಸ್ ಡಿಪೋದ ಮ್ಯಾನೇಜರು ನಮ್ಮ ಮಾತನ್ನು ಪೂರ್ತಿ ಕೇಳಿ, ತಲೆದೂಗಿ, "ಎಲ್ಲಾ ಸರಿ, ಆದ್ರೆ ನಮ್ಮೂರಲ್ಲಿ ಆ ಥರದವರು ಯಾರಿದಾರೆ?" ಅಂದ. ಅವತ್ತು ಜೊತೆಗೆ ಬಂದಿದ್ದ ಸೈಕಲ್ ಅಂಗಡಿಯ ಹಿರಿಯವನು ನನ್ನ ಪಕ್ಕದಲ್ಲೇ ಕೂತಿದ್ದ. ಅವನು ಕಿಟಕಿಯ ಕಡೆ ನೋಡಿದ. ನನಗೆ ಮೈಯೆಲ್ಲ ಉರಿಯಿತು. ಮೀಟರಕ್ಕ ಮಾತ್ರ ದಣಿದ ದನಿಯಲ್ಲಿ ಮೊದಲಿನಿಂದ ಮತ್ತೆ ಶುರು ಮಾಡಿದಳು. ಅವಳ ಬಲವೇ ಅದು, ಮೊದಲಿನಿಂದ ಶುರು ಮಾಡುವುದಕ್ಕೆ ಅವಳಿಗೆ ನಾಚಿಕೆ ಇರಲಿಲ್ಲ.

ಒಂದು ವಿಷಯ ಅವಳಿಗೆ ಖುಷಿ ಕೊಡುತ್ತಿತ್ತು, ಅದನ್ನು ಮುಚ್ಚಿಡುತ್ತಲೂ ಇರಲಿಲ್ಲ. ಹೋದಲ್ಲೆಲ್ಲ ಕುರ್ಚಿ ಕೊಡುತ್ತಿದ್ದರು. ಜೀವಮಾನವೆಲ್ಲ ಅವಳು ಗೇಟಿನಿಂದ ಒಳಗೆ ಹೋದವಳಲ್ಲ. ನಾಯಿ ಬೊಗಳುತ್ತದೆ, ಕಿಟಕಿಯಿಂದ ಯಾರೋ "ನೀರಿನವಳು" ಎಂದು ಕೂಗುತ್ತಾರೆ, ಅವಳು ಗುಂಡಿಗೆ ಬಗ್ಗಿ ಅಂಕಿ ಬರೆದುಕೊಂಡು ಮುಂದಕ್ಕೆ ಹೋಗುತ್ತಾಳೆ. ಈಗ ಅದೇ ಮನೆಗಳ ಯಜಮಾನರು, ಅದೇ ಕ್ಲಿನಿಕ್ಕುಗಳ ಡಾಕ್ಟರು "ಬನ್ನಿ ಮೇಡಂ, ಕೂತ್ಕೊಳಿ" ಅನ್ನುತ್ತಿದ್ದರು. "ನೋಡು ಪ್ರೆಸ್ಸಪ್ಪಾ, ಮೆತ್ತನೆ ಕುರ್ಚಿ" ಎಂದು ಸ್ಕೂಟರಿನ ಹಿಂದೆ ಕೂತು ಹೇಳುತ್ತಿದ್ದಳು. ಅಷ್ಟೊತ್ತಿಗೆ ನಾನು ಪ್ರೆಸ್ಸಪ್ಪನೂ ಆಗಿದ್ದೆ, ಏಕವಚನಕ್ಕೂ ಇಳಿದಿದ್ದೆ.

ಅತ್ಯಂತ ಮೆತ್ತನೆಯ ಕುರ್ಚಿ ಇದ್ದದ್ದು ಹಲ್ಲಿನ ಡಾಕ್ಟರ ಕೋಣೆಯಲ್ಲಿ. ಅವರು ಸಮಾಧಾನವಾಗಿ ಕೇಳಿದರು, ಟೀ ತರಿಸಿದರು, ಸ್ಟಿಕ್ಕರನ್ನು ತಾವೇ ಗಾಜಿನ ಬಾಗಿಲಿಗೆ ಅಂಟಿಸಿದರು. ಮೀಟರಕ್ಕ ಆ ದಿನ ಮನೆಗೆ ಹೋಗಿ ಪುಟ್ಟಿಗೆ ಹೇಳಿದಳು: "ಹಲ್ಲು ನೋಯ್ತಿದೆ ಅಂತಿದ್ಯಲ್ಲ, ಇನ್ನು ಹೆದರಬೇಡ. ಅಲ್ಲಿ ಎಲ್ಲಾ ಮಾತಾಡಿದೀನಿ."

ಪುಟ್ಟಿಯ ದವಡೆ ಹಲ್ಲು ಬಹಳ ದಿನದಿಂದ ಕಾಡುತ್ತಿತ್ತು. ಕೆನ್ನೆ ಊದಿಕೊಂಡು ಊಟವೂ ಸೇರದಂತಾದಾಗ ಒಪ್ಪಿಕೊಂಡಳು. ನೀಲಿ ಸ್ಕರ್ಟು ಹಾಕಿಕೊಂಡು, ಕೂದಲು ಬಾಚಿ, ಒಬ್ಬಳೇ ಹೊರಟಳು. ಅತ್ತೆ ಜೊತೆಗೆ ಬರುತ್ತೇನೆಂದರೂ ಬೇಡ ಅಂದಳು. ಸ್ಟಿಕ್ಕರು ಇದೆಯಲ್ಲ, ಅಂದಳಂತೆ.

ಅಲ್ಲಿ ಆದದ್ದು ಇಷ್ಟು. ಕೌಂಟರಿನ ಹೆಂಗಸು ಗುರುತಿನ ಚೀಟಿ ಕೇಳಿದಳು. ಪುಟ್ಟಿ ಕೊಟ್ಟಳು. ಅದರಲ್ಲಿದ್ದದ್ದು ಅಪ್ಪ ಇಟ್ಟ ಹೆಸರು. ಪುಟ್ಟಿ ಬಗ್ಗಿ, ಮೆಲ್ಲಗೆ, ತನ್ನ ಈಗಿನ ಹೆಸರು ಹೇಳಿದಳು. ಕೌಂಟರಿನಾಕೆ ಚೀಟಿ ನೋಡಿದಳು, ಮುಖ ನೋಡಿದಳು, ಮತ್ತೆ ಚೀಟಿ ನೋಡಿದಳು. "ಇದು ನಿಮ್ದೇನಾ? ಇದ್ರಲ್ಲಿ ಗಂಡಸು ಅಂತಿದೆಯಲ್ಲ?" ಎಂದು ಎಲ್ಲರಿಗೂ ಕೇಳುವಂತೆ ಕೇಳಿದಳು. ಬೆಂಚಿನಲ್ಲಿದ್ದವರೆಲ್ಲ ತಿರುಗಿದರು. ಸರದಿ ಬಂದಾಗ ಹಳೆಯ ಹೆಸರನ್ನೇ ಕೂಗಿ, "ಬನ್ನಿ ಸಾರ್" ಅಂದಳು. ಯಾರೋ ಕಿಸಕ್ಕೆಂದರು. ಪುಟ್ಟಿ ಎದ್ದು, ಡಾಕ್ಟರ ಕೋಣೆಯ ಕಡೆ ಹೋಗದೆ ಬೀದಿಯ ಕಡೆ ನಡೆದಳು.

ಸಂಜೆ ಮೀಟರಕ್ಕ ಮನೆಗೆ ಹೋದಾಗ ಟ್ರಂಕು ಮಂಚದ ಕೆಳಗಿನಿಂದ ಹೊರಗೆ ಬಂದಿತ್ತು. ಪುಟ್ಟಿ ತನ್ನ ಅಪ್ಪ ಕಳಿಸಿದ್ದ ಶರ್ಟೊಂದನ್ನು ಹಾಕಿಕೊಂಡು, ಕತ್ತಿನವರೆಗೂ ಗುಂಡಿ ಹಾಕಿ, ಊದಿದ ಕೆನ್ನೆ ಹಿಡಿದುಕೊಂಡು ಕೂತಿದ್ದಳು.

"ಅತ್ತೆ, ಅಪ್ಪನಿಗೆ ಬರೋಕೆ ಹೇಳಿ. ಅಲ್ಲೂ ಒಂದು ರೂಮು, ಇಲ್ಲೂ ಒಂದು ರೂಮು. ಅಲ್ಲಾದ್ರೆ ನಿಮಗೆ ಓಡಾಟ ಇರಲ್ಲ."

ಮೀಟರಕ್ಕ ಅಣ್ಣನಿಗೆ ಫೋನು ಮಾಡಿದಳು. ಅವನು ಭಾನುವಾರ ಬರುತ್ತೇನೆ ಅಂದ. ಡಾಕ್ಟರಿಗೂ ಫೋನು ಮಾಡಿದಳು. ಅವರು "ಛೆ, ಹಾಗಾಯ್ತಾ? ನಮ್ಮ ಸ್ಟಾಫ್ ಅಷ್ಟು ತಿಳಿದವರಲ್ಲ ಮೇಡಂ" ಎಂದು ಕೈತೊಳೆದುಕೊಂಡರು.

ಮರುದಿನ ನಾವಿಬ್ಬರೂ ಸ್ಟಿಕ್ಕರು ಕೀಳುವುದಕ್ಕೆ ಹೋದೆವು. ನಾನು ಬೈಗುಳಗಳನ್ನು ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದೆ. ಮೀಟರಕ್ಕ ಗಾಜಿನ ಬಾಗಿಲ ಮುಂದೆ ನಿಂತು ಉಗುರಿನಿಂದ ಕೆರೆದಳು, ಮುಚ್ಚಳ ಎತ್ತುವ ಕೊಕ್ಕೆಯಿಂದ ಕೆರೆದಳು. ಒಂದು ಮೂಲೆಯೂ ಏಳಲಿಲ್ಲ. ಒಳ್ಳೆಯ ಅಂಟು ಬಳಸಿ ಎಂದು ಜೀವ ತಿಂದಿದ್ದವಳೂ ಅವಳೇ. ಡಾಕ್ಟರು ಇನ್ನೂ ಬಂದಿರಲಿಲ್ಲ, ರೋಗಿಗಳೂ ಇರಲಿಲ್ಲ. ಕೌಂಟರಿನಾಕೆ ಎದ್ದು ಬಂದಳು. ನಡುವಯಸ್ಸಿನವಳು, ದಪ್ಪ ಕನ್ನಡಕ, ಕೈಯಲ್ಲೊಂದು ಹತ್ತಿಯ ಉಂಡೆ ಮತ್ತು ಸ್ಪಿರಿಟ್ಟಿನ ಬಾಟಲಿ.

"ಇದನ್ನ ಹಚ್ಚಿ, ಬರತ್ತೆ. ಯಾಕೆ ತೆಗೀತಿದೀರಾ?"

ನನ್ನ ಬಾಯಿ ತೆರೆದಿತ್ತು, ಮೀಟರಕ್ಕ ಕೈಯಡ್ಡ ಹಿಡಿದಳು. "ನಿನ್ನೆ ಇಲ್ಲಿಗೆ ಬಂದಿದ್ದ ಹುಡುಗಿ ನನ್ನ ಸೊಸೆ, ಅಣ್ಣನ ಮಗಳು" ಅಂದಳು. "ನೀವು ಎಲ್ಲರ ಮುಂದೆ ಸಾರ್ ಅಂದ್ರಲ್ಲ, ಆ ಹುಡುಗಿ."

ಕೌಂಟರಿನಾಕೆಯ ಮುಖ ಬಿಳುಚಿಕೊಂಡಿತು. "ಚೀಟೀಲಿ ಹಾಗಿತ್ತು. ತಪ್ಪು ಬರೆದ್ರೆ ಡಾಕ್ಟ್ರು ನನ್ನ ಬೈತಾರೆ. ಬೇರೆ ಥರಾನೂ ಕರೀಬಹುದು ಅಂತ ನಂಗೆ ಯಾರು ಹೇಳಿದ್ರು?"

"ಇದರಲ್ಲಿ ಬರೆದಿದೆಯಲ್ಲ!" ಎಂದು ನಾನು ಸ್ಟಿಕ್ಕರಿನ ಮೇಲೆ ಕುಟ್ಟಿದೆ.

"ಇದಾ? ಟೂತ್‌ಪೇಸ್ಟಿನ ಜಾಹೀರಾತು ಅಂದ್ಕೊಂಡಿದ್ದೆ." ಆಕೆ ಮೀಟರಕ್ಕನ ಕಡೆ ತಿರುಗಿದಳು. "ನೀವು ಎಷ್ಟು ಸಲ ಬಂದಿದೀರಿ ಇಲ್ಲಿಗೆ. ಪ್ರತಿ ಸಲ ಡಾಕ್ಟ್ರು ಇದಾರಾ ಅಂತ ಕೇಳಿದ್ರಿ, ಒಳಗೆ ಹೋದ್ರಿ. ನನ್ನ ಮುಖ ನೋಡ್ಲಿಲ್ಲ. ನಾನು ನಿಮ್ಮನ್ನ ಮೊದಲ ದಿನಾನೇ ಗುರುತು ಹಿಡಿದೆ. ನಮ್ಮನೆ ಮೀಟ್ರು ನೋಡೋದು ನೀವೇ. ನೀರಿನ ಟ್ಯಾಂಕಿನ ಹಿಂದಿನ ಗಲ್ಲಿ, ಹಸಿರು ಗೇಟು. ಬಿಸಿಲಲ್ಲಿ ಬಂದಾಗ ಕುಡಿಯೋಕೆ ನೀರು ಕೊಡ್ತೀನಲ್ಲ, ಅದು ನಾನೇ."

ಮೀಟರಕ್ಕ ರೋಗಿಗಳ ಬೆಂಚಿನ ಮೇಲೆ ಕೂತಳು. ಅವಳು ನಡೆಯುವ ಬೀದಿಗಳಲ್ಲೆಲ್ಲ ನೀರು ಬೇಕಾ ಎಂದು ಕೇಳುವ ಮನೆ ಅದೊಂದೇ ಎಂದು ನನಗೆ ಎಷ್ಟೋ ಸಲ ಹೇಳಿದ್ದಳು.

"ಬಾಗಿಲಲ್ಲಿ ನಿಂತೇ ಮುದುಕಿಯಾದೆ ನಾನು" ಅಂದಳು, ನನಗೋ ಆಕೆಗೋ ತನಗೋ ತಿಳಿಯದ ಹಾಗೆ. "ಕುರ್ಚಿ ಕೊಟ್ರು ಅಂತ ಬಾಗಿಲು ದಾಟಿಬಿಟ್ಟೆ. ಬಾಗಿಲಲ್ಲಿ ಕೂತವರನ್ನ ಕಾಣಲೇ ಇಲ್ಲ."

ಬೇರೆ ಕಡೆಯೂ ಹಾಗೆಯೇ ಮಾಡಿದ್ದೆವು. ಡಿಪೋದಲ್ಲಿ ಮ್ಯಾನೇಜರು, ಗ್ರಂಥಾಲಯದಲ್ಲಿ ಮುಖ್ಯಸ್ಥರು, ಔಷಧಿ ಅಂಗಡಿಯಲ್ಲಿ ಯಜಮಾನರು. ಟಿಕೆಟ್ಟು ಕೊಡುವವನು, ಪುಸ್ತಕ ತೆಗೆದುಕೊಡುವವಳು, ಮಾತ್ರೆ ಕಟ್ಟಿಕೊಡುವ ಹುಡುಗಿ, ಇವರಲ್ಲಿ ಒಬ್ಬರ ಹತ್ತಿರವೂ ನಾವು ಬಾಯಿ ಬಿಟ್ಟಿರಲಿಲ್ಲ. ಪುಟ್ಟಿಯಂಥವರು ಮ್ಯಾನೇಜರನ್ನು ಕಾಣುವುದು ಯಾವಾಗ? ಇಷ್ಟು ದಿನ ಸವೆಸಿದ ಚಪ್ಪಲಿಯೆಲ್ಲ ದಂಡ ಎಂದು ನನಗೆ ಅಳುವಷ್ಟು ಬೇಜಾರಾಯಿತು.

ಮೀಟರಕ್ಕ ಮೊದಲಿನಿಂದ ಶುರು ಮಾಡಿದಳು. ಅದೇ ಬೆಂಚಿನ ಮೇಲೆ, ಕೌಂಟರಿನಾಕೆಯನ್ನು ಪಕ್ಕದಲ್ಲಿ ಕೂರಿಸಿಕೊಂಡು, ಪುಟ್ಟಿಯ ಕತೆ ಹೇಳಿದಳು. ಭಾಷಣದ ಮಾತು ಒಂದೂ ಬರಲಿಲ್ಲ. ಟ್ರಂಕಿನ ವಿಷಯವನ್ನೂ ಹೇಳಿದಳು. ಆಕೆ ಕನ್ನಡಕ ತೆಗೆದು ಒರೆಸಿಕೊಂಡಳು. "ಚೀಟೀಲಿ ಇರೋದು ಚೀಟೀಲಿರ್ಲಿ. ಕೂಗೋದು ನನ್ನ ಬಾಯಿ ತಾನೆ?" ಅಂದಳು. "ಕಳಿಸಿ ಅವಳನ್ನ. ನೋವಿಟ್ಕೊಂಡು ಎಷ್ಟು ದಿನ ಇರ್ತಾಳೆ?" ಅಷ್ಟರಲ್ಲಿ ನಾನು ಸ್ಪಿರಿಟ್ಟು ಹಚ್ಚಿದ್ದ ಸ್ಟಿಕ್ಕರು ಅರ್ಧ ಕಿತ್ತು ಜೋಲಾಡುತ್ತಿತ್ತು. ಹಾಗೇ ಬಿಟ್ಟು ಬಂದೆವು.

ಪುಟ್ಟಿ ಒಪ್ಪಿದ್ದು ನೋವು ತಡೆಯಲಾರದೆ. ಬೇರೇನನ್ನೂ ನಂಬಿ ಅಲ್ಲ. "ಶರ್ಟಲ್ಲೇ ಹೋಗ್ತೀನಿ. ಸಾರ್ ಅಂದ್ರೆ ಅನ್ಲಿ. ಹಲ್ಲು ಕೀಳಿಸ್ಕೊಂಡು ಭಾನುವಾರ ಅಪ್ಪನ ಜೊತೆ ಹೊರಡ್ತೀನಿ. ನೀವು ಒಳಗೆ ಬರಬಾರದು, ಮಾತಾಡಬಾರದು." ಶನಿವಾರ ಬೆಳಿಗ್ಗೆ ಅವಳು ಮುಂದೆ ನಡೆದಳು. ಉದ್ದ ತೋಳಿನ ಬಿಳಿ ಶರ್ಟು, ತಗ್ಗಿಸಿದ ತಲೆ. ನಾನೂ ಮೀಟರಕ್ಕನೂ ಹಿಂದೆ ದೂರದಲ್ಲಿ ಸ್ಕೂಟರು ತಳ್ಳಿಕೊಂಡು ನಡೆದು, ಕ್ಲಿನಿಕ್ಕಿನ ಎದುರಿನ ಬ್ಯಾಂಕಿನ ಮೆಟ್ಟಿಲ ಮೇಲೆ ಕೂತೆವು.

ಗಾಜಿನ ಬಾಗಿಲಿನೊಳಗೆ ಎಲ್ಲ ಕಾಣುತ್ತಿತ್ತು, ಒಂದೂ ಕೇಳುತ್ತಿರಲಿಲ್ಲ. ಪುಟ್ಟಿ ಚೀಟಿ ಕೊಟ್ಟಳು. ಬೆಂಚಿನ ಕೊನೆಯಲ್ಲಿ ಕೂತಳು. ಬೆಂಚು ತುಂಬಿತ್ತು. ಮೀಟರಕ್ಕ ಚಪ್ಪಲಿ ಬಿಟ್ಟು ಮಂಡಿ ಒತ್ತಿಕೊಳ್ಳುತ್ತಿದ್ದಳು. ಬ್ಯಾಂಕಿನ ವಾಚ್‌ಮನ್ ಬಂದು, "ಮೆಟ್ಟಿಲ ಮೇಲೆ ಕೂರಂಗಿಲ್ಲ, ಏಳ್ರಿ" ಅಂದ. ಬೇರೆ ದಿನವಾಗಿದ್ದರೆ ನಾನು ಜಗಳಕ್ಕೆ ಬೀಳುತ್ತಿದ್ದೆ. ಮೀಟರಕ್ಕ ನಿಟ್ಟುಸಿರು ಬಿಟ್ಟು, "ನೀನೂ ಸ್ವಲ್ಪ ಕೂತ್ಕೋ ಬಾಪ್ಪಾ, ಒಂದು ವಿಷಯ ಹೇಳ್ತೀನಿ" ಅಂದಳು. ಅವನು ಅತ್ತಿತ್ತ ನೋಡಿ ಕೂತ. ಕಣ್ಣು ಆ ಬಾಗಿಲಿನಿಂದ ಕೀಳದೆಯೇ ಅವಳು ಹೇಳತೊಡಗಿದಳು.

ಆಗ ಕೌಂಟರಿನಾಕೆ ಎದ್ದು ನಿಂತಳು. ಬಾಯಿ ಅಲುಗಿತು. ಪುಟ್ಟಿ ಏಳಲಿಲ್ಲ. ಮೀಟರಕ್ಕನ ಮಾತು ಅರ್ಧಕ್ಕೇ ನಿಂತಿತು, ಅವಳ ಕೈ ನನ್ನ ತೋಳು ಹಿಡಿಯಿತು. ಆಕೆ ಮತ್ತೆ ಏನೋ ಅಂದಳು. ಪುಟ್ಟಿ ತಲೆ ಎತ್ತಿ ಆಕೆಯನ್ನು ನೋಡಿದಳು, ಬೆಂಚಿನವರನ್ನು ನೋಡಿದಳು. ಒಬ್ಬಳು ಮುದುಕಿ ದಾರಿ ಬಿಡುವುದಕ್ಕೆ ಕಾಲು ಮಡಿಸಿಕೊಂಡಳು, ಅಷ್ಟೆ. ಉಳಿದವರು ತಮ್ಮ ತಮ್ಮ ಕೆನ್ನೆ ಹಿಡಿದುಕೊಂಡೇ ಇದ್ದರು. ಪುಟ್ಟಿ ಎದ್ದು ಒಳಗೆ ಹೋದಳು.

"ಯಾವ ಹೆಸರು ಕರೆದ್ಳೋ?" ಅಂದೆ.

"ಹೋದ ಸಲ ಬೀದಿಗೆ ಬಂದಿದ್ಲು, ಈ ಸಲ ಒಳಗೆ ಹೋದ್ಲು" ಅಂದಳು ಮೀಟರಕ್ಕ. ಅವಳು ಇನ್ನೂ ನನ್ನ ತೋಳು ಬಿಟ್ಟಿರಲಿಲ್ಲ.

ಪುಟ್ಟಿ ಹೊರಗೆ ಬಂದಾಗ ಬಿಸಿಲೇರಿತ್ತು. ಬಾಯಿತುಂಬ ಹತ್ತಿ, ಮಾತಾಡುವ ಹಾಗಿರಲಿಲ್ಲ. ರಸ್ತೆ ದಾಟಿ ಬಂದು ನಮ್ಮಿಬ್ಬರ ನಡುವೆ ಮೆಟ್ಟಿಲ ಮೇಲೆ ಕೂತಳು. ಶರ್ಟಿನ ಕತ್ತಿನ ಗುಂಡಿ ಬಿಚ್ಚಿದಳು. ಆಮೇಲೆ ಅದರ ಕೆಳಗಿನದು, ಅದರ ಕೆಳಗಿನದು. ನಾನು ಗಾಬರಿಯಿಂದ ಮುಖ ತಿರುಗಿಸಬೇಕೆನ್ನುವಷ್ಟರಲ್ಲಿ ಕಂಡಿತು: ಒಳಗೆ ತನ್ನದೇ ಒಂದು ಹೂಹೂವಿನ ಕುಪ್ಪಸ ಹಾಕಿಕೊಂಡು ಬಂದಿದ್ದಳು. ಮನೆಯಿಂದಲೇ. ಸಾರ್ ಅಂದರೆ ಅನ್ನಲಿ ಎಂದು ಹೊರಟವಳು.

ಶರ್ಟನ್ನು ಮಡಿಸಿ ಅತ್ತೆಯ ತೊಡೆಯ ಮೇಲಿಟ್ಟಳು. ಮೀಟರಕ್ಕನ ಕಣ್ಣಿನಿಂದ ನೀರು ಸುರಿಯುತ್ತಿತ್ತು, ಅದೇ ಶರ್ಟಿನಿಂದ ಮುಖ ಒರೆಸಿಕೊಂಡಳು. ಬಟ್ಟೆಯನ್ನು ಬೆರಳುಗಳ ನಡುವೆ ಉಜ್ಜಿ ನೋಡಿದಳು.

"ಒಳ್ಳೇ ಕಾಟನ್ನು" ಅಂದಳು. "ಮೀಟರಿನ ಗಾಜು ಒರೆಸೋಕೆ ಚೆನ್ನಾಗಿರತ್ತೆ. ಟ್ರಂಕಿನಲ್ಲಿ ಇನ್ನೂ ಇದಾವಲ್ಲ?"

ಪುಟ್ಟಿ ಹತ್ತಿ ಕಚ್ಚಿಕೊಂಡೇ ತಲೆಯಾಡಿಸಿದಳು.

"ಹಾಗಾದ್ರೆ ನಾಳೆ ಬರೋದು ಬೇಡ ಅಂತ ಅಣ್ಣನಿಗೆ ಫೋನ್ ಮಾಡಬೇಕು" ಅಂದಳು ಮೀಟರಕ್ಕ. ಏಳುವುದಕ್ಕೆ ಅವಳು ಕೈ ಚಾಚಿದಳು. ಈ ಸಲ ಆ ಕಡೆಯಿಂದ ಪುಟ್ಟಿ ಹಿಡಿದಳು, ಈ ಕಡೆಯಿಂದ ವಾಚ್‌ಮನ್ ಹಿಡಿದ.